ಹಲ್ಲಿನ ಗುರುತು

ಬೆಣ್ಣೆ ಎಂಬ ಗಿನಿಪಿಗ್ಗಿನ ಬಲಭುಜದ ಹಿಂದೆ ಹೊಸ ಗಾಯವೊಂದು ಕಾಣಿಸಿತು. ಅವನು ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ನೋಡಿದ, ಪಂಜರವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡಿದ. ಹಸಿಯಾಗಿತ್ತು, ಕೆಂಪಗಿತ್ತು, ಯಾರೋ ಆತುರದಲ್ಲಿ ಗೀರಿದ ಹಾಗೆ ಎರಡು ಗೆರೆ. ನಿನ್ನೆ ಸಂಜೆ ಹುಲ್ಲು ಹಾಕುವಾಗ ಅದು ಅಲ್ಲಿರಲಿಲ್ಲ. ಇರಲಿಲ್ಲ ಎಂದು ಅವನು ಆಣೆ ಮಾಡಿ ಹೇಳಬಲ್ಲ. ಅದರ ಮೈಯನ್ನು ದಿನಕ್ಕೆ ಎರಡು ಸಲ ಬೆರಳಿನಿಂದ ತಡವಿ, ಗಾಯಗಳಿಗೆ ಮುಲಾಮು ಸವರಿ, ಎಷ್ಟು ಒಣಗಿವೆ ಎಂದು ನೋಡುವುದು ಮೂರು ವಾರದಿಂದ ಅವನ ಕೆಲಸವಾಗಿತ್ತು. ಹಳೆಯವು ಒಣಗಿರಲಿಲ್ಲ. ಅದಕ್ಕೆ ಅವನ ಬಳಿ ಕಾರಣವಿತ್ತು: ಆಳವಾಗಿ ಕಚ್ಚಿದ ಗಾಯ, ಮಾಯಲು ಹೊತ್ತು ಹಿಡಿಯುತ್ತದೆ. ಆದರೆ ಇದು ಹೊಸದು. ಪಂಜರದಲ್ಲಿ ಇರುವುದು ಬೆಣ್ಣೆಯೊಂದೇ. ಜೊತೆಗಿದ್ದ ಇನ್ನೊಂದನ್ನು, ಮಸಿಯನ್ನು, ಕಚ್ಚುತ್ತದೆಂದು ಮನೆಯಿಂದ ಕಳಿಸಿ ಇವತ್ತಿಗೆ ಇಪ್ಪತ್ತೆರಡು ದಿನ. ಈ ಎರಡು ಸಂಗತಿಗಳು ಸ್ವಲ್ಪ ಹೊತ್ತು ಒಂದರ ಪಕ್ಕ ಒಂದು ಸುಮ್ಮನೆ ಕೂತಿದ್ದವು, ಪರಿಚಯವಿಲ್ಲದ ಇಬ್ಬರು ಬಸ್ಸಿನ ಸೀಟಿನಲ್ಲಿ ಕೂತ ಹಾಗೆ. ಆಮೇಲೆ ಅವು ಮಾತಾಡಿಕೊಂಡವು.

ಬೆಣ್ಣೆ ಹಿಂಗಾಲೆತ್ತಿ ಭುಜವನ್ನು ಕೆರೆದುಕೊಂಡಿತು. ಎಷ್ಟು ಜೋರಾಗಿ ಕೆರೆಯಿತೆಂದರೆ ಪಕ್ಕಕ್ಕೆ ವಾಲಿ ಬಿತ್ತು. ಬಿದ್ದಲ್ಲೇ ಒಂದು ಕ್ಷಣ ಕಾಲು ಸೆಟೆದುಕೊಂಡು ನಡುಗಿ, ಎದ್ದು, ಏನೂ ಆಗದವರ ಹಾಗೆ ಹುಲ್ಲಿಗೆ ಬಾಯಿ ಹಾಕಿತು. ಇದನ್ನು ಅವನು ಎಷ್ಟು ಸಲ ನೋಡಿದ್ದ? ನೋಡಿದ್ದ, ಆದರೆ ಗಾಯ ಮಾಯುವಾಗ ನವೆಯಾಗುವುದು ಸಹಜ ಎಂದುಕೊಂಡಿದ್ದ. ಅಷ್ಟೇ ಅಲ್ಲ, ಕೆರೆತದಿಂದಲೇ ಗಾಯ ಎಂದು ಬಾಯಿಬಿಟ್ಟು ಹೇಳಿದವರೊಬ್ಬರಿದ್ದರು. ಮಸಿಯನ್ನು ಕಳಿಸಿದ ಭಾನುವಾರ ಅಣ್ಣನ ಮಗಳು ಅವನ ಮೊಣಕೈ ಹಿಡಿದು ಜಗ್ಗುತ್ತ, "ಮಸಿ ಕಚ್ಚಿಲ್ಲ ಚಿಕ್ಕಪ್ಪ, ಬೆಣ್ಣೆ ತಾನೇ ಕೆರ್ಕೊಳ್ತಾನೆ, ಕೆರ್ಕೊಂಡು ಕೆರ್ಕೊಂಡು ಬಿದ್ದೇ ಹೋಗ್ತಾನೆ, ನಾನು ನೋಡಿದೀನಿ" ಎಂದಿದ್ದಳು. ಹನ್ನೊಂದು ವರ್ಷದ ಹುಡುಗಿ. ಅವಳ ತಲೆ ಸವರಿ ಅವನು, "ನಿಂಗೆ ಗೊತ್ತಾಗಲ್ಲ ಕಂದ" ಎಂದಿದ್ದ.

ಆ ಭಾನುವಾರವನ್ನು ನೆನೆಸಿಕೊಂಡರೆ ಈಗಲೂ ಮೊದಲು ಬರುವುದು ನಾಚಿಕೆಯಲ್ಲ, ಖುಷಿ. ಅದೇ ಅವನಿಗೆ ನಾಚಿಕೆ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವನು ಹನ್ನೊಂದು ವರ್ಷದಿಂದ ಇದ್ದಾನೆ, ಆ ಹುಡುಗಿಯ ವಯಸ್ಸಿನಷ್ಟೇ ಕಾಲದಿಂದ. ನಡುಮನೆಯಿಂದ ಅವನಿಗೆ ಕರೆ ಬರುವುದು ಸಿಲಿಂಡರ್ ಬದಲಿಸುವುದಕ್ಕೆ, ಮೇಲಿನ ಕಪಾಟಿನಿಂದ ಡಬ್ಬ ಇಳಿಸುವುದಕ್ಕೆ. ನೆಂಟರು ಬಂದಾಗ ಅಣ್ಣ, "ನನ್ನ ತಮ್ಮ, ಪ್ರಾಣಿಗಳ ಆಸ್ಪತ್ರೇಲಿದಾನೆ" ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. ಏನಾಗಿದ್ದಾನೆ ಎಂದು ಹೇಳುವುದಿಲ್ಲ. ಬಂದವರು ಕೇಳಿದರೆ ಅವನೇ ಹೇಳಿಕೊಳ್ಳಬೇಕು, ಪ್ರಾಣಿಗಳನ್ನು ಮೇಜಿನ ಮೇಲೆ ಹಿಡಿದುಕೊಳ್ಳುತ್ತೇನೆ, ಪಂಜರ ತೊಳೆಯುತ್ತೇನೆ, ರಿಜಿಸ್ಟರ್ ಬರೆಯುತ್ತೇನೆ ಎಂದು. ಆ ದಿನ ಮಾತ್ರ ಅಣ್ಣ ನಡುಮನೆಯಿಂದ, "ಏ ಡಾಕ್ಟ್ರೇ, ಬಾರಯ್ಯ ಇಲ್ಲಿ, ನಿನ್ನ ಪೇಷೆಂಟ್ ನೋಡು" ಎಂದು ಕೂಗಿದ. ದನಿಯಲ್ಲಿ ತಮಾಷೆಯಿತ್ತು, ಆದರೆ ಅವನು ಬಂದು ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಮೂವರೂ ಸುಮ್ಮನಾದರು. ಅಣ್ಣ, ಅತ್ತಿಗೆ, ಮಗಳು. ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು. ಬೆಣ್ಣೆಯ ಬೆನ್ನ ಮೇಲೆ ಮೂರು ಗಾಯ. ಕರಿಯ ಮಸಿ ಮೂಸುತ್ತ ಹತ್ತಿರ ಬಂತು. ಬೆಣ್ಣೆ ಹಲ್ಲು ಕಟಕಟನೆ ಕಡಿದು ಎಗರಿಬಿತ್ತು. "ಕಚ್ಚಾಡಿವೆ" ಎಂಬ ಮಾತು ಅವನ ಬಾಯಿಂದ ಹೊರಗೆ ಬಂದಿತ್ತು. ಹೇಳಿದ ಮೇಲೆ ಕಾರಣಗಳು ತಾವಾಗಿಯೇ ಬಂದು ಸಾಲಾಗಿ ನಿಂತವು: ಎರಡೂ ಗಂಡು, ಒಂದೇ ಸೂಲಿನವಾದರೂ ಈಗ ಬೆಳೆದಿವೆ, ಯಾರು ದೊಡ್ಡವನು ಎಂದು ತೀರ್ಮಾನವಾಗುವ ತನಕ ಇದು ನಿಲ್ಲುವುದಿಲ್ಲ, ಒಂದನ್ನು ಕಳಿಸದಿದ್ದರೆ ಇನ್ನೊಂದು ಉಳಿಯುವುದಿಲ್ಲ. ಅವನು ಅಷ್ಟು ಹೊತ್ತು ಒಂದೇ ಸಮ ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. ಅಣ್ಣ ನಡುವೆ ಬಾಯಿ ಹಾಕಲಿಲ್ಲ. ಅತ್ತಿಗೆ ಟೀ ತಂದವರು ಮೊದಲ ಲೋಟವನ್ನು ಅವನ ಕೈಗೆ ಕೊಟ್ಟರು.

ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಒಂದೂವರೆ ವರ್ಷ ವಾರಕ್ಕೆ ಮೂರು ಸಂಜೆ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಕೆಳಗೆ ಮಿಷನ್ನುಗಳು ಗರಗರ ಓಡುತ್ತಿದ್ದಾಗ ಅವನು ಮೊದಲ ಬೆಂಚಿನಲ್ಲೇ ಕೂತು ಪಶುವೈದ್ಯ ಸಹಾಯಕರ ಸರ್ಟಿಫಿಕೇಟ್ ಕೋರ್ಸಿನ ಪಾಠ ಕೇಳಿದ್ದ. ಹಿಂದೆ ಕೂತರೆ ದಿನದ ದಣಿವಿಗೆ ನಿದ್ದೆ ಬರುತ್ತಿತ್ತು. ಮೇಷ್ಟ್ರು ನಿವೃತ್ತ ಪಶುವೈದ್ಯರು, ಕಿವಿ ಸ್ವಲ್ಪ ಮಂದ. ಅವರು ಬೋರ್ಡಿನ ಮೇಲೆ ಬರೆದ ಗಿನಿಪಿಗ್ಗು ಕಿವಿಯಿರುವ ಆಲೂಗಡ್ಡೆಯ ಹಾಗಿತ್ತು, ತರಗತಿಯೆಲ್ಲ ನಕ್ಕಿತ್ತು. ಅವರೂ ನಕ್ಕು ಹೇಳಿದ್ದರು: "ನಗಿ, ನಗಿ. ಆದ್ರೆ ಇದನ್ನ ಬರ್ಕೊಳ್ಳಿ. ಗಾಯ ಆಮೇಲೆ ನೋಡಿ, ಮೊದ್ಲು ಸುತ್ತ ಇರೋ ಕೂದ್ಲು ನೋಡಿ. ಹಲ್ಲು ಬಿದ್ದಿದ್ರೆ ಚರ್ಮ ಹರಿದಿರುತ್ತೆ, ಸುತ್ತ ಕೂದ್ಲು ಹಾಗೇ ನಿಂತಿರುತ್ತೆ. ಚರ್ಮಕ್ಕೆ ರೋಗ ಬಂದಿದ್ರೆ ಕೂದ್ಲು ಮೊದ್ಲು ಹೋಗುತ್ತೆ, ಹೊಟ್ಟು ಏಳುತ್ತೆ, ಗಾಯ ಕೊನೇಲಿ ಆಗುತ್ತೆ. ನವೆ ತಡೀದೆ ತನ್ನನ್ನ ತಾನೇ ಹರ್ಕೊಳ್ಳುತ್ತೆ. ಮೈ ಉರೀತಿರುವಾಗ ಯಾರು ಹತ್ರ ಬಂದ್ರೂ ಹಲ್ಲು ಕಡಿಯುತ್ತೆ. ಜೊತೇಲಿ ಇನ್ನೊಂದಿದೆ ಅಂದ ಮಾತ್ರಕ್ಕೆ ಅದರ ತಲೆಗೆ ಕಟ್ಬೇಡಿ." ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡಿದ್ದ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು, ಅದಕ್ಕೆ ಪೂರ್ತಿ ಅಂಕ ಬಂದಿತ್ತು. ಆ ನೋಟ್‌ಬುಕ್ಕು ಅವನ ಮಂಚದ ಕೆಳಗಿನ ಟ್ರಂಕಿನಲ್ಲಿತ್ತು, ಪಂಜರದಿಂದ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಆ ಭಾನುವಾರ ಒಂದು ಕ್ಷಣ ಅದನ್ನು ತೆಗೆದು ನೋಡಬೇಕೆನಿಸಿದ್ದು ನಿಜ. ಆದರೆ ಪುಸ್ತಕ ನೋಡಿ ಬರುತ್ತೇನೆ ಎಂದು ಎದ್ದರೆ ಅಣ್ಣ ಏನು ಹೇಳುತ್ತಾನೆಂಬುದು ಅವನಿಗೆ ಗೊತ್ತಿತ್ತು. ಅವನು ಏಳಲಿಲ್ಲ. ಇಷ್ಟೇ. ಇಪ್ಪತ್ತು ಹೆಜ್ಜೆ.

"ಹೊಸದೇನಾದ್ರೂ ಆಗಿದ್ಯಾ ಚಿಕ್ಕಪ್ಪ?" ಬೆನ್ನ ಹಿಂದೆ ಸ್ಕೂಲ್ ಬ್ಯಾಗಿನ ಜಿಪ್ ಎಳೆಯುತ್ತ ಅವಳು ನಿಂತಿದ್ದಳು. ಅವನ ಕೈ ತಾನಾಗಿಯೇ ಬೆಣ್ಣೆಯ ಭುಜದ ಮೇಲೆ ಹೋಗಿ ಕೂತಿತು.

"ಇಲ್ಲಮ್ಮ, ಹಳೇದೇ."

"ಆ ರೌಡಿ ಎಷ್ಟು ಜೋರಾಗಿ ಕಚ್ಚಿದಾನೆ ನೋಡಿ. ನಂಗೆ ನೆನಪಿದೆ, ಒಂದಿನ ಹೀಗೆ ಇಲ್ಲಿ ಹಿಡ್ಕೊಂಡು ಎಳೀತಿದ್ದ." ಅವಳು ತನ್ನ ಭುಜವನ್ನೇ ಹಿಡಿದು ತೋರಿಸಿದಳು. ಮಣಿಕಟ್ಟಿನ ಒಳಗಡೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳಿದ್ದವು. ಹೊಸ ಸೋಪಿನಿಂದ ಎಂದು ಅತ್ತಿಗೆ ಹೋದ ವಾರ ಹೇಳಿದ್ದರು. ಅವನು ಅದನ್ನು ನೋಡಿದ, ಕಣ್ಣು ಬೇರೆ ಕಡೆ ತಿರುಗಿಸಿದ. ಮಸಿ ಹೋದಾಗ ಮೂರು ದಿನ ಅತ್ತವಳು, ಊಟ ಬಿಟ್ಟವಳು. ಎರಡನೆಯ ವಾರಕ್ಕೆ ಗೆಳತಿಯರ ಮುಂದೆ "ಕಚ್ತಿದ್ದ, ಓಡಿಸಿಬಿಟ್ವಿ" ಎಂದಳು. ಈಗ ಕಚ್ಚಿದ್ದನ್ನು ನೋಡಿದ್ದೇನೆ ಎನ್ನುತ್ತಿದ್ದಾಳೆ. ಸುಳ್ಳು ಹೇಳುತ್ತಿಲ್ಲ, ಅವಳಿಗೆ ನಿಜವಾಗಿಯೂ ನೆನಪಿದೆ. ನೋಡಿದ್ದನ್ನು ಅಳಿಸಿ ನೋಡದ್ದನ್ನು ಅಲ್ಲಿ ಬರೆದದ್ದು ಯಾರ ಕೈ ಎಂದು ಅವನಿಗೆ ಗೊತ್ತಿತ್ತು. ಅವಳು ಹೋದ ಮೇಲೆ ಚಪ್ಪಲಿ ಡಬ್ಬಿಯೊಂದಕ್ಕೆ ತೂತು ಹೊಡೆದು, ಹಳೇ ಟವೆಲ್ ಹಾಸಿ, ಬೆಣ್ಣೆಯನ್ನು ಅದರಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟ.

"ಏನ್ರೀ ಹಾಫ್ ಡಾಕ್ಟ್ರೇ, ನಿಮ್ಮನೇಗೂ ಕಾಯಿಲೆ ಬರುತ್ತಾ?" ಔಷಧಿ ಕೌಂಟರಿನವಳು ಡಬ್ಬಿಯೊಳಗೆ ಇಣುಕಿ ನಕ್ಕಳು. ಅವನೂ ನಕ್ಕ. ನಗಬೇಕಾದ ಜಾಗ ಅದು ಎಂದು ಗೊತ್ತಿತ್ತು. ಒಂದು ನಾಯಿ, ಎರಡು ಬೆಕ್ಕು, ರೆಕ್ಕೆ ಮುರಿದ ಗಿಣಿ ಮುಗಿಯುವ ತನಕ ಕಾದ. ಪ್ರತಿಯೊಂದನ್ನೂ ತಾನೇ ಹಿಡಿದುಕೊಂಡ. ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ಒಂದ್ನಿಮಿಷ, ಇದು ನಮ್ಮನೇದು" ಎಂದ. ಡಾಕ್ಟರು ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಗಾಯವನ್ನು ಅವಳು ನೋಡಲೇ ಇಲ್ಲ. ಚಿಮುಟದಿಂದ ಗಾಯದ ಪಕ್ಕದ ಕೂದಲನ್ನು ಮೆಲ್ಲಗೆ ಎಳೆದಳು; ಹಳೆಯ ಬ್ರಶ್ಶಿನಿಂದ ಉದುರುವಂತೆ ಒಂದು ಕುಚ್ಚು, ಬುಡದಲ್ಲಿ ಹಳದಿ ಹೊಟ್ಟಿನ ಸಮೇತ, ಹಾಗೇ ಕಿತ್ತು ಬಂತು.

"ಎಷ್ಟು ದಿನ ಆಯ್ತು?"

"ಮೂರು ವಾರ ಆಗಿರ್ಬೋದು ಮೇಡಂ."

"ಮೂರು ವಾರ! ದಿನಾ ಇಲ್ಲಿಗೇ ಬರ್ತೀರಲ್ರೀ?"

"ಕಚ್ಚಾಡಿದ್ದು ಅಂದ್ಕೊಂಡೆ. ಜೊತೇಲಿ ಇನ್ನೊಂದಿತ್ತು."

"ಈಗೆಲ್ಲಿದೆ ಅದು?"

"ಕಳಿಸ್ಬಿಟ್ವಿ. ಮೀನಿನಂಗಡಿಗೆ, ಅಂದ್ರೆ ಈ ಸಾಕೋ ಮೀನು ಮಾರ್ತಾರಲ್ಲ, ಅಲ್ಲಿಗೆ."

"ಕಳಿಸಿದ್ಮೇಲೂ ಗಾಯ ಆಗ್ತಾನೇ ಇತ್ತಾ?"

ಅವನು ಬೆಣ್ಣೆಯನ್ನು ಬೆಳಕಿಗೆ ತಿರುಗಿಸಿ ಹಿಡಿದ. ಅವಳು ಬ್ಲೇಡಿನ ಮೊಂಡು ಬದಿಯಿಂದ ಚರ್ಮವನ್ನು ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸ್ವಲ್ಪ ಹೊತ್ತು ಅತ್ತಿತ್ತ ಸರಿಸಿ, ಎದ್ದು ಸ್ಟೂಲು ಬಿಟ್ಟುಕೊಟ್ಟಳು. "ಬನ್ನಿ ನೋಡಿ. ಕಚ್ಚಿದೋನು ಇಲ್ಲಿದಾನೆ." ಬೆಳಕಿನ ವೃತ್ತದಲ್ಲಿ ಹೊಟ್ಟಿನ ಚೂರುಗಳ ನಡುವೆ ಗುಂಡಗಿನದೊಂದು ಜೀವ ಮೋಟುಗಾಲುಗಳನ್ನು ಆಡಿಸುತ್ತಿತ್ತು, ಯಾವ ಅವಸರವೂ ಇಲ್ಲದೆ. ಕಜ್ಜಿ ಹುಳ. ಅದಕ್ಕೆ ಹಗೆಯಿಲ್ಲ, ಹಲ್ಲು ಕಡಿಯುವುದು ಗೊತ್ತಿಲ್ಲ, ಅದು ಯಾರನ್ನೂ ಸೋಲಿಸಬೇಕಾಗಿಲ್ಲ. ಚರ್ಮದೊಳಗೆ ಮನೆ ಮಾಡಿಕೊಂಡಿದೆ, ಅಷ್ಟೇ. ಅವನಿಗೆ ಹಲ್ಲಿನ ಗಾಯವೇ ಯಾಕೆ ಬೇಕಾಗಿತ್ತು ಎಂದು ಆ ಸ್ಟೂಲಿನ ಮೇಲೆ ಕೂತಾಗ ಹೊಳೆಯಿತು. ಹಲ್ಲಿಗೆ ಒಬ್ಬ ಯಜಮಾನ ಇರುತ್ತಾನೆ, ಅವನನ್ನು ಬೆರಳು ಮಾಡಿ ತೋರಿಸಬಹುದು, ತೋರಿಸಿದವನನ್ನು ಜನ ತಿರುಗಿ ನೋಡುತ್ತಾರೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಣ್ಣೆಯ ಕತ್ತಿನ ಹಿಂದೆ ಔಷಧಿಯ ಹನಿ ಬಿಟ್ಟು, ಚೀಟಿ ಬರೆಯುತ್ತ, "ಆ ಇನ್ನೊಂದಕ್ಕೂ ಹಾಕ್ಬೇಕು, ಜೊತೇಲಿತ್ತಲ್ಲ. ಸಿಕ್ರೆ ಕರ್ಕೊಂಡ್ಬನ್ನಿ" ಎಂದಳು. ಆಮೇಲೆ ಏನೋ ನೆನಪಾದವಳಂತೆ ತಲೆಯೆತ್ತಿ, "ಆದ್ರೆ ಒಂದ್ ಮಾತು. ತಂದ ತಕ್ಷಣ ಒಂದೇ ಪಂಜರಕ್ಕೆ ಬಿಡ್ಬೇಡಿ. ಇಷ್ಟು ದಿನ ಬೇರೆ ಇದ್ವಲ್ಲ, ಗುರುತು ಹೋಗಿರುತ್ತೆ, ಇದಕ್ಕೆ ಮೈಯೆಲ್ಲ ಉರಿ ಬೇರೆ. ಹತ್ತು ಹದಿನೈದು ದಿನ ಬಿಟ್ಟು, ಎರಡಕ್ಕೂ ಹೊಸದಾದ ಜಾಗದಲ್ಲಿ ಬಿಡಿ. ನಿಮಗೆ ಗೊತ್ತಿರುತ್ತೆ ಬಿಡಿ ಇದೆಲ್ಲ" ಎಂದಳು. ಕೊನೆಯ ಮಾತನ್ನು ಅವಳು ಚುಚ್ಚಲು ಹೇಳಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಬೆಣ್ಣೆಯ ಡಬ್ಬಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಅವನು ಮೀನಿನಂಗಡಿಗೆ ನಡೆದ. ಮೂರು ರಸ್ತೆ ದಾಟಬೇಕು. ದಾಟುವಾಗಲೆಲ್ಲ ಅಂಗಡಿ ಮುಚ್ಚಿರಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಮಸಿ ಸತ್ತಿದ್ದರೆ ಕ್ಷಮೆ ಕೇಳುವ ಕೆಲಸವೊಂದು ಉಳಿಯುತ್ತದೆ, ಸಾಯದಿದ್ದರೆ ಅದನ್ನು ಮನೆಗೆ ಒಯ್ಯುವುದೂ ಸೇರಿ ಎರಡು, ಈ ಲೆಕ್ಕ ತನ್ನ ತಲೆಯಲ್ಲಿ ಹಾದುಹೋದದ್ದನ್ನು ಗಮನಿಸಿ ಅವನು ರಸ್ತೆಯ ನಡುವೆ ನಿಂತುಬಿಟ್ಟ, ಸ್ಕೂಟರಿನವನೊಬ್ಬ "ಏನ್ ಸ್ವಾಮಿ, ಮನೇಲಿ ಹೇಳಿ ಬಂದಿದೀರಾ?" ಎಂದು ಕೂಗಿ ಹೋದ. ಅಂಗಡಿ ತೆರೆದಿತ್ತು. ಗಾಜಿನ ತೊಟ್ಟಿಗಳ ಸಾಲಿನ ಕೊನೆಯಲ್ಲಿ, ನೆಲಕ್ಕೆ ತಾಗಿದ ಹಲಗೆಯ ಮೇಲೆ, ನೀರಿಗೆ ಗಾಳಿ ಊದುವ ಮೋಟರಿನ ಪಕ್ಕದಲ್ಲೇ, ಬಿರುಕು ಬಿಟ್ಟ ಒಂದು ಖಾಲಿ ತೊಟ್ಟಿಯಲ್ಲಿ ಮಸಿ ಇತ್ತು. ತೊಟ್ಟಿಗೆ ಒಂದು ರಟ್ಟು ಅಂಟಿಸಿದ್ದರು: ಕಚ್ಚುತ್ತದೆ, ಮುಟ್ಟಬೇಡಿ.

"ನೀವೇ ಹೇಳಿದ್ರಲ್ಲ ಸಾರ್," ಅಂಗಡಿಯವನು ಮೀನಿನ ಬಲೆಯನ್ನು ಒದರುತ್ತ ಹೇಳಿದ. "ಆಸ್ಪತ್ರೆಯವರು ಹೇಳಿದ್ಮೇಲೆ ಮುಗೀತು ಅಂತ ಬರೆದು ಅಂಟಿಸ್ದೆ. ಜನ ಬರ್ತಾರೆ, ಓದ್ತಾರೆ, ಮುಂದೆ ಹೋಗ್ತಾರೆ."

"ಒಂದ್ಸಲನಾದ್ರೂ ಕಚ್ಚಿತಾ?"

"ಯಾರು ಕೈ ಹಾಕ್ತಾರೆ ಸಾರ್? ಮೇಲಿಂದ ಸೊಪ್ಪು ಎಸೀತೀನಿ. ತಗೊಂಡು ಹೋಗಿ, ಪುಣ್ಯ ಬರುತ್ತೆ. ಆ ತೊಟ್ಟಿ ನಂಗೆ ಬೇಕು."

ಅವನು ಕೈ ಇಳಿಸಿದಾಗ ಮಸಿ ಮೂಲೆಗೆ ಒತ್ತಿಕೊಂಡಿತು, ಗಾಜಿನೊಳಗೆ ಹೋಗಲು ದಾರಿಯಿದೆಯೇನೋ ಎಂಬಂತೆ. ಮೊದಲು ಅದು ಹೆಜ್ಜೆ ಸಪ್ಪಳಕ್ಕೇ ಕುಯ್‌ಗುಟ್ಟಿ ಸರಳು ಹಿಡಿದು ನಿಲ್ಲುತ್ತಿತ್ತು. ಎತ್ತಿಕೊಂಡರೆ ಹಗುರವಾಗಿತ್ತು, ಕರಿಯ ಕೂದಲಿನ ಕೆಳಗೆ ಎಲುಬುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು. ಕತ್ತಿನ ಬಳಿ ಹೊಟ್ಟು. ಅದು ಕೊಸರಾಡಲಿಲ್ಲ, ಕಚ್ಚಲಿಲ್ಲ, ಅವನನ್ನು ಗುರುತು ಹಿಡಿಯಲೂ ಇಲ್ಲ. ಆಸ್ಪತ್ರೆಗೆ ತಂದು ಅದಕ್ಕೂ ಔಷಧಿಯ ಹನಿ ಹಾಕಿಸಿ, ಸಂಜೆ ಎರಡು ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ನಡೆಯುವಾಗ ಅವನು ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ. ತಪ್ಪು ನನ್ನದು. ಮಸಿ ಕಚ್ಚಿರಲಿಲ್ಲ. ನೀನು ನೋಡಿದ್ದೇ ಸರಿ ಕಂದ. ಮೂರನೆಯ ವಾಕ್ಯಕ್ಕೆ ಬಂದಾಗೆಲ್ಲ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಇಡೀ ದಿನದಲ್ಲಿ ಅವನಿಗೆ ಆಸೆ ಎನ್ನಬಹುದಾದದ್ದು ಹುಟ್ಟಿದ್ದು ಆಗ, ಆ ಒಂದು ರಸ್ತೆಯಷ್ಟು ಉದ್ದಕ್ಕೆ.

ಹೇಳಿದ. ನಡುಮನೆಯಲ್ಲಿ ನಿಂತು, ಡಬ್ಬಿಗಳನ್ನು ಕೆಳಗಿಡದೆ, ಬಾಯಿಪಾಠ ಮಾಡಿಕೊಂಡ ಕ್ರಮದಲ್ಲೇ ಹೇಳಿದ. ಅಣ್ಣ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕುಬಿಟ್ಟ. "ಅಲ್ಲ ಕಣಯ್ಯ, ಪ್ರಾಣಿ ಆಸ್ಪತ್ರೇಲೇ ಇರೋನಿಗೆ ಹುಳ ಕಾಣ್ಲಿಲ್ವಾ? ಸರ್ಟಿಫಿಕೇಟಿಗೆ ಫ್ರೇಮ್ ಬೇರೆ ಹಾಕಿಸ್ದೆ ನೀನು!" ಅತ್ತಿಗೆ "ಬಿಡಿ, ಪಾಪ, ಬೇಕಂತ ಮಾಡಿದಾರಾ" ಎಂದರು. ಆ ‘ಪಾಪ’ ಅಣ್ಣನ ನಗುವಿಗಿಂತ ಆಳಕ್ಕೆ ಹೋಯಿತು. ಮರುಕ್ಷಣವೇ ಅವರು ಮಗಳ ಕೈ ಎಳೆದು ಮಣಿಕಟ್ಟು ತಿರುಗಿಸಿ ನೋಡಿ, "ಅಯ್ಯೋ, ಹಾಗಾದ್ರೆ ಇದು ಸೋಪಲ್ವಾ?" ಎಂದು ಅವನ ಮುಖ ನೋಡಿದರು. ಸೋಪಲ್ಲ ಅತ್ತಿಗೆ, ಆದರೆ ಆ ಹುಳ ಮನುಷ್ಯರ ಮೈಯಲ್ಲಿ ಉಳಿಯುವುದಿಲ್ಲ, ಔಷಧಿಯಾಗಿದೆ, ವಾರದಲ್ಲಿ ಹೋಗುತ್ತದೆ ಎಂದ. ಅವರು ತಲೆಯಾಡಿಸಿದರು, ನಂಬಿದವರ ಹಾಗೆ ಅಲ್ಲ. ನಾಳೆ ನಿಜವಾದ ಡಾಕ್ಟರಿಗೆ ತೋರಿಸೋಣ ಎಂದುಕೊಂಡವರ ಹಾಗೆ. ಅವನು ಡಬ್ಬಿಗಳನ್ನು ಕೆಳಗಿಟ್ಟ. ಹುಡುಗಿ ಮಸಿಯ ಡಬ್ಬಿಯ ಮುಂದೆ ಮಂಡಿಯೂರಿ, ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ನಾನು ಹೇಳಿದ್ನಲ್ಲ ಚಿಕ್ಕಪ್ಪ?"

"ಹೇಳಿದ್ದೆ."

"ಮತ್ತೆ, ಮಸಿ ಎಳೀತಿದ್ದದ್ದು ನಂಗೆ ನೆನಪಿದೆಯಲ್ಲ, ಅದು?"

"ಅದು ಆಗಿರ್ಲಿಲ್ಲ ಅನ್ಸುತ್ತೆ ಕಂದ."

ಅವಳ ಹುಬ್ಬು ಗಂಟಿಕ್ಕಿತು. ಸಿಟ್ಟಲ್ಲ, ಅಳಿಸಿದ ಉತ್ತರವನ್ನು ಮತ್ತೆ ಅಳಿಸಿ ಮೊದಲಿನದನ್ನೇ ಬರೆಯಬೇಕಾದ ಮಗುವಿನ ಕಷ್ಟ. ಆಮೇಲೆ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. "ಹಾಗಾದ್ರೆ ಅವನು ಒಳ್ಳೇವ್ನೇ!" ಎಂದವಳೇ ಡಬ್ಬಿಯ ಮುಚ್ಚಳ ತೆಗೆದು ಮಸಿಯನ್ನು ಎದೆಗೆ ಅವುಚಿಕೊಂಡಳು. ಅವನು ಬೆಣ್ಣೆಯನ್ನು ಅದರ ಪಂಜರಕ್ಕೆ ಬಿಟ್ಟು, "ಇವನನ್ನ ಬೇರೆ ಇಡೋಣ. ಒಂದು ಹತ್ತು ಹದಿನೈದು ದಿನ ಜೊತೇಲಿ ಬಿಡೋದು ಬೇಡ, ಡಾಕ್ಟ್ರು ಹೇಳಿದಾರೆ" ಎಂದ.

"ಮತ್ತೆ ಶುರುವಾಯ್ತಲ್ಲಪ್ಪ ಇವನ ಡಾಕ್ಟರಿಕೆ," ಅಣ್ಣ ಅಂದ. "ಮೂರು ವಾರ ಬೇರೆ ಇಟ್ಟದ್ದು ಸಾಲ್ದಾ? ಒಂದೇ ಹೊಟ್ಟೇಲಿ ಹುಟ್ಟಿದ್ದು, ಮರ್ತು ಬಿಡ್ತಾವಾ? ಬಿಡು ಪುಟ್ಟಿ, ಬಿಡು ಒಳಗೆ."

"ಅಣ್ಣ, ಬೇಡ, ಅವು—"

"ನೀನು ಸುಮ್ನಿರೋ."

ಅವಳು ಪಂಜರದ ಬಾಗಿಲ ಮೇಲೆ ಕೈಯಿಟ್ಟು ಅವನ ಕಡೆ ನೋಡಿದಳು. ಅನುಮತಿಗಾಗಿಯೇ ನೋಡಿದಳು. ಆಗ ಅವನು ಖಂಡಿತವಾಗಿ ಬೇಡ ಎನ್ನಬಹುದಿತ್ತು. ಗಟ್ಟಿಯಾಗಿ, ಆ ಭಾನುವಾರದ ದನಿಯಲ್ಲಿ. ಆದರೆ ಆ ದನಿಯಲ್ಲಿ ಮಾತಾಡುವ ಹಕ್ಕನ್ನು ಅವನು ಐದು ನಿಮಿಷದ ಹಿಂದೆ ತಾನೇ ಒಪ್ಪಿಸಿ ಬಂದಿದ್ದ. ತಪ್ಪಾದಾಗ ಅಷ್ಟು ಜೋರಾಗಿ ಹೇಳಿದವನು ಸರಿಯಾದಾಗ ತೊದಲಿದ. "ಬೇಡ ಅಂತ ನಂಗನ್ಸುತ್ತೆ" ಎಂದ. ಅನಿಸಿಕೆಗೆ ಯಾರು ಕಾಯುತ್ತಾರೆ? ಅವಳು ಬಾಗಿಲು ತೆಗೆದಳು.

ಮೊದಲು ಎರಡೂ ಮೂಗಿಗೆ ಮೂಗು ತಾಗಿಸಿದವು. ಅವಳು ಚಪ್ಪಾಳೆ ತಟ್ಟಿದಳು. ಬೆಣ್ಣೆ ಮೈ ಉಬ್ಬಿಸಿಕೊಂಡು, ಸೊಂಟವನ್ನು ಎಡಕ್ಕೂ ಬಲಕ್ಕೂ ತೂಗುತ್ತ, ಗಂಟಲಿನಲ್ಲಿ ಗುರುಗುರು ಎನ್ನುತ್ತ ಸುತ್ತ ಬರತೊಡಗಿತು. "ನೋಡಮ್ಮ, ಹಾಡ್ತಿದಾನೆ, ಡ್ಯಾನ್ಸ್!" ಅದು ಕುಣಿತವಲ್ಲ, ಜಗಳಕ್ಕೆ ಕರೆಯುವುದು ಎಂದು ಅವನಿಗೆ ಗೊತ್ತಿತ್ತು. ಕೈ ಮುಂದೆ ಚಾಚಿದ. ಚಾಚುವ ಮೊದಲು ಒಮ್ಮೆ ಅಣ್ಣನ ಮುಖ ನೋಡಿದ. ಅಷ್ಟರಲ್ಲಿ ಬೆಣ್ಣೆ ಹಾರಿತ್ತು. ಬೆಣ್ಣೆಯೇ ಹಾರಿತು, ಮಸಿ ಮೂಲೆಯಲ್ಲಿತ್ತು, ಇದನ್ನು ಅವನು ಸ್ಪಷ್ಟವಾಗಿ ಕಂಡ. ಮುಂದಿನ ಕ್ಷಣ ಎರಡೂ ಸೇರಿ ಒಂದೇ ಉಂಡೆಯಾಗಿ ಸರಳುಗಳಿಗೆ ಅಪ್ಪಳಿಸಿದವು, ಹೊಟ್ಟು, ಕೂದಲು, ಹುಲ್ಲು, ಎಳೆಯ ಮಗು ಚೀರಿದಂಥ ಸದ್ದು. ಅವನು ಕೈ ಹಾಕಿ ಟವೆಲ್ಲಿನಲ್ಲಿ ಬೇರೆ ಮಾಡುವಷ್ಟರಲ್ಲಿ ಬೆಣ್ಣೆಯ ಕಿವಿ ಸೀಳಿ ರಕ್ತ ಅದರ ತಿಳಿ ಬಣ್ಣದ ಮುಖದ ಮೇಲೆ ಇಳಿಯುತ್ತಿತ್ತು. ಮಸಿಯ ತೊಡೆಯಲ್ಲೂ ಎರಡು ತೂತು ಬಿದ್ದಿದ್ದವು. ಕರಿಯ ಕೂದಲಿನಲ್ಲಿ ರಕ್ತ ಕಾಣುವುದಿಲ್ಲ. ಅದನ್ನು ಅವನ ಬೆರಳು ಮಾತ್ರ ಕಂಡಿತು. ಸುತ್ತ ಕೂದಲು ಹಾಗೇ ನಿಂತಿತ್ತು, ಚರ್ಮ ಶುದ್ಧವಾಗಿ ಹರಿದಿತ್ತು. ಇದು ಹಲ್ಲಿನ ಗಾಯ. ಇದರಲ್ಲಿ ಅನುಮಾನವೇ ಇರಲಿಲ್ಲ.

ಹುಡುಗಿ ಗೋಡೆಗೆ ಒತ್ತಿ ನಿಂತಿದ್ದಳು. ಬಿಕ್ಕುತ್ತ, ಬಾಯಿ ಮುಚ್ಚಿಕೊಂಡು, ಬೆಣ್ಣೆಯ ಕಿವಿಯನ್ನೇ ನೋಡುತ್ತಿದ್ದಳು. ಅಣ್ಣ ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತು, ಬೇರೆಯೇ ದನಿಯಲ್ಲಿ, ಹೆಚ್ಚುಕಡಿಮೆ ಗೌರವ ಎನ್ನಬಹುದಾದ ದನಿಯಲ್ಲಿ ಹೇಳಿದ: "ಅಲ್ಲಯ್ಯ, ನೀನು ಮೊದ್ಲು ಹೇಳಿದ್ದೇ ಸರಿಯಿತ್ತಲ್ಲ. ಆ ಕರೀದು ಪಕ್ಕಾ ರೌಡಿ. ನಿಮ್ಮ ಡಾಕ್ಟ್ರಮ್ಮ ಹುಳ ತೋರ್ಸಿದ್ಲು ಅಂತ ನೀನ್ಯಾಕೆ ನಿನ್ನ ಮಾತು ಬಿಟ್ಕೊಟ್ಟೆ?" ಅವನ ಕೈಯಲ್ಲಿ ಟವೆಲ್ಲಿನೊಳಗೆ ಮಸಿ ನಡುಗುತ್ತಿತ್ತು. ಅವನೊಳಗೆ ಬೆಚ್ಚಗಿನದೇನೋ ಹರಡಿತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಅವನು ಪ್ರಯತ್ನಪಟ್ಟ: ಆಯಾಸ, ಗಾಬರಿ ಇಳಿದದ್ದು. ಅದು ಸಮಾಧಾನವಾಗಿತ್ತು. ತಾನು ಸರಿಯಿದ್ದೆ ಎಂದು ಒಬ್ಬರು ಹೇಳಿದಾಗ ಆಗುವ ಸಮಾಧಾನ.

"ಮಸಿನೇ ಕಚ್ಚೋದು, ಅಲ್ವಾ ಚಿಕ್ಕಪ್ಪ?" ಅವಳು ಕೇಳಿದಳು. "ಮೊದ್ಲೂ ಅವನೇ ಕಚ್ಚಿದ್ದು. ನೀವು ಆವತ್ತೇ ಹೇಳಿದ್ರಿ."

ಹೇಳಬೇಕಾದದ್ದು ಬಹಳವಿತ್ತು. ಆಗ ಹುಳ, ಈಗ ಹಲ್ಲು. ಒಂದೇ ಮೈಯ ಮೇಲೆ ಎರಡೂ ಇವೆ, ಬಾ, ತೋರಿಸುತ್ತೇನೆ, ಹೇಗೆ ಬೇರೆ ಬೇರೆ ಎಂದು ನೋಡು. ಮೊದಲು ಹಾರಿದ್ದು ಬೆಣ್ಣೆ. ಹಾರಿದ್ದೂ ಅದರ ತಪ್ಪಲ್ಲ, ಮೈಯುರಿ. ಬಾಗಿಲು ತೆಗೆಯಬೇಡ ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಇಷ್ಟನ್ನೂ ಹೇಳಿದರೆ ಅಣ್ಣ ಮತ್ತೆ ನಗುತ್ತಾನೆ, ಗಳಿಗೆಗೊಂದು ಮಾತು ಎನ್ನುತ್ತಾನೆ. ಅವಳ ಹುಬ್ಬು ಇನ್ನೊಮ್ಮೆ ಗಂಟಿಕ್ಕುತ್ತದೆ. ಅವಳು ಕಣ್ಣೊರೆಸಿಕೊಳ್ಳುತ್ತ ಕಾಯುತ್ತಿದ್ದಳು. ಮೂವರೂ ಕಾಯುತ್ತಿದ್ದರು.

"ಹೌದು ಕಂದ" ಎಂದ.

ಅವಳು ತಲೆಯಾಡಿಸಿ ಕೈ ತೊಳೆಯಲು ಒಳಗೆ ಹೋದಳು. ಅತ್ತಿಗೆ ಅವಳ ಹಿಂದೆಯೇ ಹೋದರು. ಮಸಿಯನ್ನು ಡಬ್ಬಿಗೆ ಇಳಿಸಿ ಮುಚ್ಚಳ ಹಾಕುತ್ತಿದ್ದಾಗ ನಲ್ಲಿ ಸುರಿಯುವ ಸದ್ದಿನ ನಡುವೆ ಅತ್ತಿಗೆಯ ಮಾತು ಕೇಳಿಸಿತು: "ಅಲ್ವೇ, ಆ ಬಿಳೀದೇ ಮೊದ್ಲು ಮೇಲೆ ಬಿದ್ದ ಹಾಗಿತ್ತು. ಕರೀದು ಮೂಲೇಲಿ ಕೂತಿತ್ತಲ್ವಾ?"

"ಇಲ್ಲಮ್ಮ. ಚಿಕ್ಕಪ್ಪ ಹೇಳಿದ್ರಲ್ಲ ಈಗ."

ನಲ್ಲಿ ನಿಂತಿತು. ಅವನು ಮುಚ್ಚಳದ ಮೇಲೆ ಕೈಯಿಟ್ಟು ಕಾದ.

"ಹೌದಾ," ಎಂದರು ಅತ್ತಿಗೆ. "ಇರ್ಬೋದು. ನಾನು ಸರಿಯಾಗಿ ನೋಡ್ಲಿಲ್ಲ."